ಹತ್ತು ದಿನದ ಪಾಸು, ಆರು ಜನರ ಕಾಲು

ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ, ಬೇಸಿಗೆ ರಜದಲ್ಲಿ ನಮ್ಮ ಸೋದರಮಾವ ತಿಪಟೂರಿನಿಂದ ಒಂದು ಗೋಣಿಚೀಲ ತೆಂಗಿನಕಾಯಿ, ಒಂದು ಹಾಸಿಗೆ ಸುರುಳಿ ಮತ್ತು ಒಂದು ಗುಲಾಬಿ ಬಣ್ಣದ ಕಾಗದ ಹಿಡಿದುಕೊಂಡು ರಾಜಾಜಿನಗರದ ನಮ್ಮ ಮನೆಗೆ ಬಂದರು. ತೆಂಗಿನಕಾಯಿ ಪ್ರತಿ ಸಲವೂ ಬರುತ್ತಿತ್ತು. ಹಾಸಿಗೆ ಬಂದದ್ದು ಅದೇ ಮೊದಲು. ಅಮ್ಮನ ಕಣ್ಣು ಹೋದದ್ದು ಅದರ ಮೇಲೆಯೇ.

"ಎಷ್ಟು ದಿನ ಇರ್ತೀಯಣ್ಣ?" ಎಂದು ಅಮ್ಮ ನೀರಿನ ಚೊಂಬು ಕೊಡುತ್ತಾ ಕೇಳಿದಳು.

"ಹತ್ತು ದಿನ ಕಣಮ್ಮ. ನಾನು ಹೇಳ್ತಿರೋದಲ್ಲ, ಈ ಕಾಗದ ಹೇಳ್ತಿರೋದು" ಎಂದು ಮಾವ ಗುಲಾಬಿ ಕಾಗದವನ್ನು ಎತ್ತಿ ತೋರಿಸಿದರು.

ಮಾವ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಆ ಮಂಡಿಯವರು ತೆಂಗಿನ ನಾರಿನ ಹಗ್ಗವನ್ನೂ ಮಾರುತ್ತಿದ್ದರು. ಆ ಬೇಸಿಗೆಯಲ್ಲಿ ಮಾಗಡಿ ರಸ್ತೆಯಾಚೆಯ ಬಯಲಿಗೆ ಒಂದು ದೊಡ್ಡ ಎಗ್ಸಿಬಿಷನ್ ಬಂದು ಡೇರೆ ಹಾಕಿತ್ತು. ಡೇರೆಗಳಿಗೆ ಬೇಕಾದ ಹಗ್ಗವನ್ನೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿದವರು ಮಾವ. ಅದರ ಸಂತೋಷಕ್ಕೆ ಎಗ್ಸಿಬಿಷನ್ನಿನವರು ಅವರಿಗೊಂದು ಕುಟುಂಬ ಪಾಸು ಕೊಟ್ಟಿದ್ದರು. ಹತ್ತು ದಿನ, ಆರು ಜನ, ಒಳಗಿರುವ ಎಲ್ಲವನ್ನೂ ದಿನಕ್ಕೊಂದು ಸಲ ಬಿಟ್ಟಿಯಾಗಿ ನೋಡಬಹುದು, ಹತ್ತಬಹುದು, ತಿರುಗಬಹುದು.

ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು. ಅದನ್ನು ಓದಿದವರು ನಮ್ಮಪ್ಪ. ಅಪ್ಪ ಹತ್ತಿರದ ಬಟ್ಟೆ ಗಿರಣಿಯಲ್ಲಿ ಟೈಮ್‌ಕೀಪರ್ ಆಗಿದ್ದರು. ಯಾವ ಕಾಗದ ಕೊಟ್ಟರೂ ಕೆಳಗಿನಿಂದ ಮೇಲಕ್ಕೆ ಓದುವುದು ಅವರ ಅಭ್ಯಾಸ.

"'ಆರು ಮಂದಿಯೂ ಒಟ್ಟಿಗೆ ಬರತಕ್ಕದ್ದು. ಒಬ್ಬರು ಕಡಿಮೆಯಾದರೂ ಪಾಸು ನಡೆಯತಕ್ಕದ್ದಲ್ಲ' ಅಂತ ಹಾಕವ್ರಲ್ಲ ಭಾವ" ಎಂದರು ಅಪ್ಪ.

"ಅದಕ್ಕೇನಂತೆ! ನಾವು ಆರೇ ಜನ ಅಲ್ವಾ?" ಎಂದು ಮಾವ ಬೆರಳು ಮಡಿಸಿದರು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ, ನಾನು, ಐದು ವರ್ಷದ ನನ್ನ ತಂಗಿ ಪುಟ್ಟಿ, ಕೊನೆಗೆ ಅವರು. ಅವರ ಹೆಂಡತಿ ತವರಿಗೆ ಹೋಗಿದ್ದರು. ಲೆಕ್ಕ ಸರಿಹೋಯಿತು. ದೇವರೇ ಕೂತು ಕೂಡಿಸಿದ ಹಾಗಿದೆ ಎಂದು ಮಾವ ಅಜ್ಜಿಯ ಕಡೆ ನೋಡಿದರು. ಅಜ್ಜಿ ತನ್ನ ಮಂಡಿಯ ಕಡೆ ನೋಡಿಕೊಂಡಳು.

ಮಾವನಿಗೆ ಒಂದು ಸಿದ್ಧಾಂತವಿತ್ತು. ಬಿಟ್ಟಿ ಸಿಕ್ಕಿದ್ದನ್ನು ಪೂರ್ತಿ ಅನುಭವಿಸದೆ ಬಿಡುವುದು ಕೊಟ್ಟವರಿಗೆ ಮಾಡುವ ಅವಮಾನ. ಹಾಗಾಗಿ ಮೊದಲನೆಯ ದಿನ ಅಪ್ಪ ಬೆಳಗಿನ ಪಾಳಿ ಮುಗಿಸಿ ಬಂದು ಊಟದ ಎಲೆಯಿಂದ ಏಳುವಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮ ಬಡಾವಣೆ ಆಗ ಇನ್ನೂ ಅರ್ಧಂಬರ್ಧ. ರಸ್ತೆಗಳನ್ನು ಎಳೆದಿದ್ದರು, ಆದರೆ ಅವುಗಳ ಪಕ್ಕದಲ್ಲಿ ಮನೆಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನೆರಳಿಗೆ ಒಂದು ಮರವಿಲ್ಲ. ಮೂರು ಗಂಟೆಯ ಬಿಸಿಲಲ್ಲಿ, ಇಟ್ಟಿಗೆ ಗೂಡುಗಳನ್ನು ದಾಟಿ, ಕೊಯ್ಲಾದ ರಾಗಿ ಹೊಲಗಳ ಬದುವಿನ ಮೇಲೆ ಒಂದೂವರೆ ಮೈಲಿ ನಡೆದು ಗೇಟು ತಲುಪುವ ಹೊತ್ತಿಗೆ ನಾವೆಲ್ಲ ಕೆಂಪು ಮಣ್ಣಿನ ಬೊಂಬೆಗಳಾಗಿದ್ದೆವು.

ಗೇಟಿನಲ್ಲಿ ಕರಿ ಟೋಪಿಯ ಒಬ್ಬ ಸಣಕಲು ಗುಮಾಸ್ತರಿದ್ದರು. ಪಾಸನ್ನು ನೋಡಿ ಪೆನ್ಸಿಲಿನಿಂದ ನಮ್ಮ ತಲೆಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. ಪುಟ್ಟಿಗೆ ಕಚಗುಳಿಯಾಗಿ ಕೂತುಬಿಟ್ಟಳು. "ಐದಾಯ್ತಲ್ಲ" ಎಂದರು. ಎಬ್ಬಿಸಿ ನಿಲ್ಲಿಸಿದ ಮೇಲೆ ಆರಾಯಿತು.

ಒಳಗೆ ಹೋದದ್ದೇ ಮಾವ ಓಟ ಶುರುಮಾಡಿದರು. ಜಯಂಟ್ ವೀಲು ಇತ್ತು, ಮರದ ಕುದುರೆಗಳ ತಿರುಗಣಿ ಇತ್ತು, ಮಕ್ಕಳ ರೈಲು ಇತ್ತು. ಹಲಗೆಯ ಬಾವಿಯ ಗೋಡೆಯ ಮೇಲೆ ಒಬ್ಬ ಮೋಟಾರ್ ಸೈಕಲ್ ಓಡಿಸುತ್ತಿದ್ದ, ಅದಕ್ಕೆ ಮರಣಬಾವಿ ಎಂದು ಹೆಸರು. ಮನುಷ್ಯರನ್ನು ಸೌತೆಕಾಯಿಯಂತೆಯೂ ಕುಂಬಳಕಾಯಿಯಂತೆಯೂ ತೋರಿಸುವ ನಗೆಕನ್ನಡಿಗಳ ಡೇರೆಯಿತ್ತು. ಕನ್ನಡಿಯಿಲ್ಲದೆಯೇ ಕುಂಬಳಕಾಯಿಯಂತೆ ಕಾಣುವ ನಿಜವಾದ ಕುಂಬಳಕಾಯಿಗಳು ವ್ಯವಸಾಯದ ಮಳಿಗೆಯಲ್ಲಿದ್ದವು. ಎಲ್ಲವನ್ನೂ ಮಾವ ಅವತ್ತೇ ತೋರಿಸಿದರು. ಅಮ್ಮ ಕುಂಬಳಕಾಯಿಯ ಮುಂದೆ ಒಂದು ಗಳಿಗೆ ನಿಂತರೆ "ನಡಿಯಮ್ಮ, ನಡಿ, ಮನೇಲಿ ನೋಡಿಲ್ವಾ ಕುಂಬಳಕಾಯಿ!" ಎಂದು ದಬ್ಬಿದರು. ಪುಟ್ಟಿ ಕುದುರೆಯ ಮೇಲೆ ಸುತ್ತಿ, ರೈಲಿನಲ್ಲಿ ಸುತ್ತಿ, ವೀಲಿನಲ್ಲಿ ಸುತ್ತಿ, ಕೊನೆಗೆ ಮಾವನ ಹೆಗಲ ಮೇಲೆ ವಾಂತಿ ಮಾಡಿ ಅಲ್ಲೇ ನಿದ್ದೆಹೋದಳು. ಅಮ್ಮನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅಜ್ಜಿ ಏನೂ ಮಾತಾಡಲಿಲ್ಲ. ಅಜ್ಜಿ ಮಾತಾಡದಿದ್ದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹೆದರಿಕೆ.

ಮಾರನೆಯ ದಿನ ಏಳುವುದಕ್ಕೆ ಯಾರಿಗೂ ಕಾಲಿರಲಿಲ್ಲ. ಅಮ್ಮ ಒಲೆಯ ಮುಂದೆ ಕೂತಲ್ಲಿಂದಲೇ ಸೌಟು, ಕೊಳದಪ್ಪಲೆ ಎಲ್ಲವನ್ನೂ ನನ್ನಿಂದ ತರಿಸಿಕೊಂಡು ಅಡಿಗೆ ಮಾಡಿದಳು. ಅಪ್ಪ ಮಾತ್ರ ಗಿರಣಿಗೆ ಹೋಗಲೇಬೇಕಿತ್ತು. ಊಟದ ಹೊತ್ತಿಗೆ ಸೈರನ್ ಕೂಗಿಸುವುದು ಅವರ ಕೆಲಸ. ನಮ್ಮ ಬಡಾವಣೆಯ ಹೆಂಗಸರೆಲ್ಲ ಆ ಕೂಗು ಕೇಳಿಯೇ ಅನ್ನಕ್ಕೆ ಇಡುತ್ತಿದ್ದರು. ಅವತ್ತು ಅಪ್ಪ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಾ ನೋಡುತ್ತಾ ಕಣ್ಣುಮುಚ್ಚಿ, ತಟ್ಟನೆ ಎಚ್ಚರವಾಗಿ, ತಡವಾಯಿತೆಂದು ಗಾಬರಿಬಿದ್ದು ಸೈರನ್ ಎಳೆದುಬಿಟ್ಟರು. ನಿಜಕ್ಕೂ ಊಟಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಮಗ್ಗಗಳು ನಿಂತವು. ಜನ ಕೈತೊಳೆದುಕೊಂಡು ಬುತ್ತಿ ಬಿಚ್ಚಿದರು. ಇತ್ತ ಬಡಾವಣೆಯಲ್ಲಿ ಹೆಂಗಸರು ಅಕ್ಕಿ ತೊಳೆದದ್ದೇ ತೊಳೆದದ್ದು. ಪಕ್ಕದ ಮನೆಯಲ್ಲಿದ್ದ ರಿಟೈರ್ಡ್ ಪೋಸ್ಟ್ ಮಾಸ್ಟರು ತಮ್ಮ ಗೋಡೆ ಗಡಿಯಾರ ಹಿಂದೆ ಬಿದ್ದಿದೆಯೆಂದು ಮುಕ್ಕಾಲು ಗಂಟೆ ಮುಂದಕ್ಕಿಟ್ಟರು.

ಮ್ಯಾನೇಜರು ಕರೆಸಿ ಕೇಳಿದಾಗ ಅಪ್ಪ, "ನಿನ್ನೆ ಜಯಂಟ್ ವೀಲ್ ಹತ್ತಿದ್ದೆ ಸಾರ್, ಮುಳ್ಳು ಇನ್ನೂ ತಿರುಗ್ತಿರೋ ಹಂಗೆ ಕಾಣ್ತು" ಎಂದರಂತೆ. ಸುಳ್ಳು ಹೇಳುವ ಶಕ್ತಿಯೂ ಇರಲಿಲ್ಲ. ಮ್ಯಾನೇಜರು ಒಳ್ಳೆಯವರು, ನಕ್ಕು ಬಿಟ್ಟರು.

ಮನೆಗೆ ಬಂದರೆ ಮಾವ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ! "ಏಳಿ ಭಾವ, ಏಳಿ. ಎರಡನೇ ದಿನ ಹಾಳಾಗ್ತಾ ಇದೆ."

ಅಮ್ಮ ಅಡಿಗೆಮನೆಯಿಂದಲೇ, "ಪಾಸಿದೆ ಅಂತ ಪ್ರಾಣ ಬಿಡಕ್ಕಾಗುತ್ತೇನಣ್ಣ?" ಎಂದಳು.

ಆಗ ಅಜ್ಜಿ ಬಾಯಿಬಿಟ್ಟಳು. ಕಂಬಕ್ಕೆ ಒರಗಿ ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದವಳು ತಲೆಯೆತ್ತದೆ, "ನಾನು ಬರಲ್ಲ" ಎಂದಳು.

ಮಾವನಿಗೆ ಅದರ ಅರ್ಥ ಆಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆರರಲ್ಲಿ ಒಬ್ಬರು ಕಡಿಮೆಯಾದರೆ ಪಾಸು ನಡೆಯುವುದಿಲ್ಲ. ಚಪ್ಪಲಿ ಬಿಟ್ಟು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಅತ್ತೆ, ಹಂಗನ್ಬೇಡಿ. ಮಕ್ಕಳ ಮುಖ ನೋಡಿ."

"ನೋಡ್ತಾನೇ ಇದೀನಪ್ಪಾ. ನಿನ್ನೆಯಿಂದ ಹಳದಿಯಾಗವೆ."

"ನಿಮ್ಮಿಷ್ಟ ಬಂದಂಗೆ ಮಾಡೋಣ ಅತ್ತೆ. ನೀವು ಹೇಳಿದಂಗೆ ಕೇಳ್ತೀನಿ."

ಅಜ್ಜಿ ಕಾಯುತ್ತಿದ್ದದ್ದು ಇದಕ್ಕೇ. ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡು ತನ್ನ ಕಾನೂನು ಹೇಳಿದಳು. "ಇವತ್ತು ಯಾರೂ ಹೋಗೋದ್ ಬೇಡ. ನಾಳೆಯಿಂದ ಬಿಸಿಲು ಇಳಿದ ಮೇಲೆ ಹೊರಡಬೇಕು. ದಿನಕ್ಕೆ ಒಂದೇ ಒಂದು ನೋಡ್ಬೇಕು. ದಿನಾ ಒಬ್ಬೊಬ್ರು ಆರಿಸಬೇಕು, ಏನು ನೋಡೋದು ಅಂತ. ಉಳಿದೋರು ತುಟಿಪಿಟಿಕ್ ಅನ್ನಬಾರದು. ನೋಡಿ ಆದ್ಮೇಲೆ ಚಾಪೆ ಹಾಸ್ಕೊಂಡು ಕೂತು, ಕಟ್ಕೊಂಡು ಹೋಗಿದ್ದು ತಿಂದು, ಮನೆಗೆ ಬರೋದು."

"ಒಂದೇ ಒಂದಾ?" ಮಾವನ ಧ್ವನಿ ಅಳುವವರ ಧ್ವನಿಯಂತಿತ್ತು. "ಒಳಗೆ ಮೂವತ್ತಿವೆ ಅತ್ತೆ!"

"ಇರ್ಲಿ. ಹಬ್ಬದಡಿಗೆ ಅಂತ ಎಲೇಲಿ ಬಡಿಸಿದ್ದನ್ನೆಲ್ಲ ಒಂದೇ ತುತ್ತಿಗೆ ಬಾಯಿಗೆ ತುರುಕ್ಕೋತೀಯಾ?"

ಮೂರನೆಯ ದಿನದ ಸರದಿಯನ್ನು ಅಜ್ಜಿಯೇ ತೆಗೆದುಕೊಂಡಳು. ಅವಳು ಆರಿಸಿದ್ದು ಆರೋಗ್ಯ ಇಲಾಖೆಯ ಮಳಿಗೆ. ನನಗೂ ಪುಟ್ಟಿಗೂ ಕಣ್ಣಲ್ಲಿ ನೀರು ಬಂತು, ಆದರೆ ತುಟಿಪಿಟಿಕ್ ಅನ್ನುವಂತಿರಲಿಲ್ಲ. ಅಲ್ಲಿ ಕಾಗದ ಅರೆದು ಮಾಡಿದ, ಕರುವಿನಷ್ಟು ದೊಡ್ಡ ಸೊಳ್ಳೆಯ ಬೊಂಬೆಯೊಂದು ನಿಂತಿತ್ತು. ಪಕ್ಕದಲ್ಲಿ ಬೆತ್ತ ಹಿಡಿದ ಒಬ್ಬರು ಇನ್‌ಸ್ಪೆಕ್ಟರು. ಮೂರು ದಿನದಿಂದ ಅವರ ಮಾತು ಕೇಳಲು ಯಾರೂ ನಿಂತಿರಲಿಲ್ಲವೆಂದು ಕಾಣುತ್ತದೆ, ಅಜ್ಜಿ ಚಾಪೆ ಬಿಡಿಸಿ ಎದುರಿಗೆ ಕೂತದ್ದು ನೋಡಿ ಅವರು ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಇದು ಹೆಣ್ಣೋ ಗಂಡೋ?" ಎಂದು ಅಜ್ಜಿ ಕೇಳಿದಳು.

"ಹೆಣ್ಣು ಕಣಮ್ಮ. ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ."

"ಮತ್ತೆ ಗಂಡು ಏನು ಮಾಡುತ್ತೆ?"

"ಅದೇನೂ ಮಾಡಲ್ಲಮ್ಮ. ಗುಂಯ್ ಅಂತ ಸುತ್ತಾಡ್ಕೊಂಡಿರುತ್ತೆ."

ಅಜ್ಜಿ ತಿರುಗಿ ಮಾವನ ಕಡೆ ನೋಡಿದಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಅಜ್ಜಿ ಬೇವಿನ ಹೊಗೆಯ ಬಗ್ಗೆ ಇನ್‌ಸ್ಪೆಕ್ಟರಿಗೆ ಅರ್ಧ ಗಂಟೆ ಪಾಠ ಹೇಳಿದಳು. ಅವರು ಪುಸ್ತಕ ತೆಗೆದು ಬರೆದುಕೊಂಡರು. ಹೊರಗೆ ಬಂದು ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ ತಿಂದೆವು. ಮಾವ ಮಾತ್ರ "ಕುಡಿಯೋಕೆ ನೀರು ತರ್ತೀನಿ" ಎಂದು ಹೂಜಿ ಹಿಡಿದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಏದುಸಿರು, ಬೆವರು, ಮೀಸೆಯ ತುದಿಯಲ್ಲಿ ಬೊಂಬಾಯಿ ಮಿಠಾಯಿಯ ಗುಲಾಬಿ ಎಳೆ. ಹೂಜಿ ಖಾಲಿ.

"ನೀರೆಲ್ಲಿ?" ಎಂದಳು ಅಜ್ಜಿ.

ಮಾವ ಹೂಜಿಯೊಳಗೆ ಇಣುಕಿ ನೋಡಿ, "ಇಲ್ಲೇ ಇತ್ತಲ್ಲ!" ಎಂದರು.

ನಾಲ್ಕನೆಯ ದಿನ ಪುಟ್ಟಿಯದು. ಅವಳಿಗೆ ತಿರುಗಣಿಯ ಕುದುರೆಗಳಲ್ಲಿ ಒಂದು ಕಿವಿ ಮುರಿದ ಬಿಳಿ ಕುದುರೆಯೇ ಬೇಕು. ಅದು ಖಾಲಿಯಾಗುವ ತನಕ ನಾವು ಐದು ಜನ ಸಾಲಾಗಿ ನಿಂತು ಕಾದೆವು. ಕೊನೆಗೆ ಅದು ಸಿಕ್ಕಿದಾಗ ಪುಟ್ಟಿ ಅದರ ಬೆನ್ನ ಮೇಲೆ ಕೂರಲೇ ಇಲ್ಲ. "ಪಾಪ, ಅದಕ್ಕೆ ಸುಸ್ತಾಗಿದೆ" ಎಂದು ಅದರ ಬಾಯಿಗೆ ಒಂದೊಂದೇ ಹುರಿಗಡಲೆ ಹಿಡಿದು ನಿಂತಳು. ತಿರುಗಣಿಯವನು ಆಟ ಶುರುಮಾಡುವಂತಿಲ್ಲ, ಇವಳು ಹಲಗೆಯಿಂದ ಇಳಿಯಲೊಲ್ಲಳು. ಅಪ್ಪ ಮೇಲೆ ಹತ್ತಿ, ಕುದುರೆಗೆ ಹೊಟ್ಟೆ ತುಂಬಿತಂತೆ ಎಂದು ಸಮಾಧಾನ ಮಾಡಿ ಎತ್ತಿಕೊಂಡು ಬಂದರು. ಮನೆಗೆ ಬರುವಾಗ ಅವಳು ಇಡೀ ದಾರಿ ನಡೆದಳು. ಯಾರ ಹೆಗಲೂ ಕೇಳಲಿಲ್ಲ.

ಐದನೆಯ ದಿನ ಅಪ್ಪ ಮಕ್ಕಳ ರೈಲನ್ನು ಆರಿಸಿದರು. ಮಂಡಿ ಗದ್ದಕ್ಕೆ ತಾಗುವ ಹಾಗೆ ಮಡಿಸಿಕೊಂಡು ಡಬ್ಬಿಯಲ್ಲಿ ಕೂತು, ಜೇಬಿನಿಂದ ಗಡಿಯಾರ ತೆಗೆದರು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಹತ್ತು ಸೆಕೆಂಡಿನ ವ್ಯತ್ಯಾಸ ಕಂಡು ಅವರಿಗೆ ತಡೆಯಲಾಗಲಿಲ್ಲ. ಇಳಿದು ಡ್ರೈವರಿಗೆ, "ಹಿಂಗಾದ್ರೆ ಹೆಂಗಪ್ಪಾ? ನಂಬಿ ಕೂತಿರೋ ಜನ ಇರ್ತಾರೆ" ಎಂದರು. ರೈಲು ಹೊರಟ ಜಾಗಕ್ಕೇ ಬಂದು ನಿಲ್ಲುವಂಥದ್ದು, ನಂಬಿ ಕೂತವರು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಆದರೂ ಡ್ರೈವರು ಗೌರವದಿಂದ ತನ್ನ ಸೀಟಿಯನ್ನು ಅಪ್ಪನಿಗೆ ಕೊಟ್ಟ. ಅಪ್ಪ ಸಾಯಂಕಾಲವೆಲ್ಲ ನಿಂತು ಸೀಟಿ ಊದಿ ರೈಲು ಬಿಟ್ಟರು. ನಾವು ಚಾಪೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಾ ನೋಡಿದೆವು. ಅಪ್ಪ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅಜ್ಜಿಯ ಕಾನೂನು ಎಲ್ಲರ ಮೈಗೂ ಹಿಡಿಯತೊಡಗಿತ್ತು, ಮಾವನ ಮೈಗೊಂದು ಬಿಟ್ಟು. ಆರನೆಯ ದಿನ ಅವರ ಸರದಿ. ಮೂವತ್ತರಲ್ಲಿ ಒಂದನ್ನು ಆರಿಸಬೇಕು. ಗೇಟು ದಾಟಿದವರೇ ಬಲಕ್ಕೆ ಹೋದರು, ತಿರುಗಿ ಎಡಕ್ಕೆ ಬಂದರು. ಮರಣಬಾವಿಯ ಮೆಟ್ಟಿಲು ಹತ್ತಿ ಅರ್ಧದಲ್ಲಿ ಇಳಿದರು. "ಇದಾದ್ರೆ ಕನ್ನಡಿ ಹೋಯ್ತು, ಕನ್ನಡಿಯಾದ್ರೆ ವೀಲ್ ಹೋಯ್ತು" ಎಂದು ಗೊಣಗುತ್ತಾ ಡೇರೆಯಿಂದ ಡೇರೆಗೆ ಓಡಿದರು. ನಾವು ಚಾಪೆ ಹಾಸಿ ಕೂತೆವು. ಅಮ್ಮ ಕೋಡುಬಳೆಯ ಡಬ್ಬಿ ತೆಗೆದಳು. ಮಾವ ನಮ್ಮ ಮುಂದೆ ಒಂದು ಸಲ ಹಾದುಹೋದರು, ಇನ್ನೊಂದು ಸಲ ಹಾದುಹೋದರು.

"ಕೋಡುಬಳೆ ತಿಂತೀಯೇನಣ್ಣ?" ಎಂದು ಅಮ್ಮ ಕೂಗಿದಳು.

"ಪುರುಸೊತ್ತಿಲ್ಲ!" ಎಂದರು ಮಾವ.

ಮೂರನೆಯ ಸಲ ಹಾದುಹೋಗುವಾಗ ಡೇರೆಯ ಹಗ್ಗಕ್ಕೆ ಕಾಲು ಸಿಕ್ಕಿ ಬಿದ್ದರು. ಅವರೇ ತಿಪಟೂರಿನಿಂದ ಆರಿಸಿ ಕಳಿಸಿದ ಹಗ್ಗ. ಹಗ್ಗಕ್ಕೆ ಏನೂ ಆಗಲಿಲ್ಲ. ಮಾವನ ಪಾದ ನಮ್ಮ ಕಣ್ಣೆದುರಿಗೇ ಗೆಣಸಿನಂತೆ ಊದಿತು. ಅಷ್ಟು ನೋವಿನಲ್ಲೂ ಅವರು ಬಗ್ಗಿ ಹಗ್ಗವನ್ನು ಎಳೆದು ನೋಡಿ, "ಹೆಂಗಿದೆ ಮಾಲು!" ಎಂದರು. ಅಪ್ಪನ ಹೆಗಲು, ಕರಿ ಟೋಪಿಯ ಗುಮಾಸ್ತರ ಹೆಗಲು ಹಿಡಿದು ಕುಂಟುತ್ತಾ ರಸ್ತೆಗೆ ಬಂದು, ಒಂದು ಜಟಕಾ ಸಿಕ್ಕಿದ್ದರಿಂದ ಮನೆ ಸೇರಿದೆವು.

ಏಳನೆಯ ದಿನ ಯಾರೂ ಹೋಗಲಿಲ್ಲ. "ರಜಕ್ಕೂ ಒಂದು ರಜ ಬೇಕು" ಎಂದು ಅಜ್ಜಿ ಹುಣಿಸೇಹಣ್ಣು, ಉಪ್ಪು, ಅರಿಶಿನ ಅರೆದು ಬಿಸಿಮಾಡಿ ಮಾವನ ಪಾದಕ್ಕೆ ಪಟ್ಟು ಹಾಕಿದಳು.

ನನ್ನ ಸಂಕಟ ಯಾರಿಗೂ ಗೊತ್ತಾಗಲಿಲ್ಲ. ಎಂಟನೆಯ ದಿನ ನನ್ನ ಸರದಿ. ಜಯಂಟ್ ವೀಲನ್ನು ಸಾವಧಾನವಾಗಿ, ಮಾವ ಪಕ್ಕದಲ್ಲಿ "ಆಯ್ತಾ, ಆಯ್ತಾ" ಎನ್ನದೆ ಹತ್ತಬೇಕೆಂದು ನಾನು ದಿನ ಎಣಿಸುತ್ತಿದ್ದೆ. ಈಗ ಮಾವ ನಡೆಯುವಂತಿಲ್ಲ, ಮಾವ ಬಾರದಿದ್ದರೆ ಆರಾಗುವುದಿಲ್ಲ. ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಜ್ಜಿ ಬಂದು ಕಾರಣ ಕೇಳಿದಳು. ಕೇಳಿ, ನೇರವಾಗಿ ಬೀದಿಯ ಬಾಗಿಲಿಗೆ ಹೋದಳು.

ಅತ್ತಿಗುಪ್ಪೆಯ ಕಡೆಯಿಂದ ನಮ್ಮ ಬಡಾವಣೆಗೆ ದಿನವೂ ಮರಳಿನ ಎತ್ತಿನ ಗಾಡಿಗಳು ಬರುತ್ತಿದ್ದವು. ಗಾಡಿಯವರಲ್ಲಿ ಒಬ್ಬ ಹಿರಿಯರು ನಮ್ಮ ಮನೆಯಲ್ಲಿ ಮಜ್ಜಿಗೆ ಕುಡಿದು ಹೋಗುವ ರೂಢಿಯಿತ್ತು. ಅಜ್ಜಿ ಅವರನ್ನು ನಿಲ್ಲಿಸಿ ಮಾತಾಡಿದಳು. "ಅದಕ್ಕೇನವ್ವಾ, ಸಂಜೀಕೆ ಖಾಲಿ ಗಾಡಿ ಹೆಂಗೂ ಆ ಕಡೀಕೇ ಓಯ್ತದೆ" ಎಂದರು ಅವರು.

ಹಾಗೆ ಎಂಟನೆಯ ದಿನ ಸಂಜೆ ಗಾಡಿಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ತಿಪಟೂರಿನ ಹಾಸಿಗೆ ಹಾಸಿ, ಹಾಸಿಗೆಯ ಮೇಲೆ ಮಾವನನ್ನು ಮಲಗಿಸಿದೆವು. ಪಟ್ಟು ಹಾಕಿದ ಪಾದವನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದೆವು. ಧೂಳಿಗೆಂದು ಅಮ್ಮ ಅವರ ತಲೆಗೆ ಕೆಂಪಂಚಿನ ಪಂಚೆ ಸುತ್ತಿದಳು. ಗಾಡಿ ನಿಧಾನವಾಗಿ ಹೊರಟಿತು, ನಾವು ಹಿಂದೆ ನಡೆದೆವು. ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ನಮ್ಮ ಹಿಂದೆ ಜನ ಸೇರತೊಡಗಿದ್ದರು. ಎಗ್ಸಿಬಿಷನ್ನಿನ ಕಡೆಗೆ ಗಾಡಿಯಲ್ಲಿ ಮಲಗಿ ಹೋಗುವ ದಪ್ಪ ಮನುಷ್ಯ, ತಲೆಗೆ ರುಮಾಲು, ದೊಡ್ಡ ಪಾದ. ಇವರೂ ಒಂದು ಐಟಂ ಇರಬೇಕೆಂದು ಅವರು ಅಂದುಕೊಂಡರು.

ಗೇಟಿನ ಹತ್ತಿರ ಗಾಡಿ ನಿಂತಾಗ ಒಬ್ಬ ಹೆಂಗಸು ಮಗುವನ್ನು ಎತ್ತಿ ತೋರಿಸುತ್ತಾ ಮಾವನನ್ನೇ ಕೇಳಿದಳು: "ನೀವು ಏನು ಮಾಡ್ತೀರಾ?"

"ಏನೂ ಮಾಡಲ್ಲಮ್ಮ, ಸುಮ್ನೆ ಮಲಗಿರ್ತೀನಿ" ಎಂದರು ಮಾವ.

"ಯಾವಾಗ್ಲಿಂದ?"

"ಮೊನ್ನೆಯಿಂದ."

ಆಕೆ ಹಿಂದಕ್ಕೆ ತಿರುಗಿ, "ಮೊನ್ನೆಯಿಂದ ಮಲಗೇ ಅವ್ರಂತೆ!" ಎಂದು ಕೂಗಿದಳು. ಜನ ಇನ್ನೂ ಒತ್ತಿಕೊಂಡು ಬಂದರು. ಯಾರೋ ಒಬ್ಬರು ಒಂದು ಬಾಳೆಹಣ್ಣನ್ನು ಹೆದರುತ್ತಾ ಗಾಡಿಯ ಅಂಚಿನಲ್ಲಿಟ್ಟರು. ಮಾವ ಸಂಕೋಚವಿಲ್ಲದೆ ಸುಲಿದು ಬಾಯಿಗೆ ಹಾಕಿಕೊಂಡರು.

"ತಿಂತಾರೆ!" ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದ್ದು ಕೇಳಿಸಿತು.

ಮಾವನ ಮುಖ ಅರಳಿದ್ದನ್ನು ಏನು ಹೇಳಲಿ! ಐದು ದಿನ ಓಡಾಡಿಯೂ ಸಿಗದ ಸಂತೋಷ ಅವರಿಗೆ ಮಲಗಿದಲ್ಲಿ ಸಿಕ್ಕಿತ್ತು. ಕೈಯೆತ್ತಿ ಎಲ್ಲರಿಗೂ ನಮಸ್ಕಾರ ಮಾಡಿದರು. ಅಪ್ಪನಿಗೆ ನಾಚಿಕೆಯಾಗಿ ಎತ್ತಿನ ಆಚೆ ಮರೆಯಾಗಿ ನಿಂತರು. ಕರಿ ಟೋಪಿಯ ಗುಮಾಸ್ತರು ಗುಂಪನ್ನು ಸರಿಸಿಕೊಂಡು ಬಂದು, ಪೆನ್ಸಿಲಿನಿಂದ ಎಣಿಸಿ, "ಐದೇ ಆಗ್ತಾರಲ್ಲ" ಎಂದರು. ಅಪ್ಪ ಎತ್ತಿನ ಹಿಂದಿನಿಂದ ಕೈಯೆತ್ತಿದರು.

ಮಾವನನ್ನು ಇಳಿಸಿ, ಒಳಗೆ ಚಾಪೆಯ ಮೇಲೆ ಕೂರಿಸಿ, ನಾವು ವೀಲಿಗೆ ಹೋದೆವು. ಒಂದು ತೊಟ್ಟಿಲಲ್ಲಿ ಅಪ್ಪ, ಅಮ್ಮ, ಪುಟ್ಟಿ. ನನ್ನ ತೊಟ್ಟಿಲಿಗೆ ಅಜ್ಜಿ ಬಂದಳು. ಮೊದಲನೆಯ ದಿನ ಅಜ್ಜಿ ವೀಲ್ ಹತ್ತದೆ ಕೆಳಗೇ ನಿಂತಿದ್ದಳು. ಈ ಸಲ, "ನಿನ್ನ ಸರದಿ ಅಲ್ವೇನೇ, ನೀನು ಹೇಳಿದಂಗೆ" ಎಂದು ಸೀರೆ ಎತ್ತಿಕಟ್ಟಿ ಹತ್ತಿದಳು.

ನಾಲ್ಕು ಸುತ್ತು ಆಗಿರಬೇಕು. ನಮ್ಮ ತೊಟ್ಟಿಲು ತುದಿಗೆ ಬಂದಾಗ ಕೆಳಗೆ ಫಟ್ ಎಂದು ಸದ್ದಾಗಿ ವೀಲು ನಿಂತುಬಿಟ್ಟಿತು. ಇಂಜಿನ್ನಿನ ಪಟ್ಟೆ ಜಾರಿತ್ತು. "ಹೆದರ್ಕೋಬೇಡಿ, ಹತ್ತು ನಿಮಿಷ!" ಎಂದು ವೀಲಿನವನು ಕೂಗಿದ. ಕೆಳಗಿನ ತೊಟ್ಟಿಲಿನಿಂದ ಅಮ್ಮ ಎಲ್ಲ ದೇವರ ಹೆಸರನ್ನೂ ಹೇಳುವುದು ಕೇಳಿಸುತ್ತಿತ್ತು. ನಾನು ಅಜ್ಜಿಯ ಕೈ ಬಿಗಿಯಾಗಿ ಹಿಡಿದುಕೊಂಡೆ. ಅಜ್ಜಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸೊಂಟದಿಂದ ಎಲೆಯಡಿಕೆಯ ಚೀಲ ತೆಗೆಯುವುದಕ್ಕೆ.

"ಕಣ್ಣು ಬಿಡೇ" ಎಂದಳು, ಎಲೆಯ ತೊಟ್ಟು ಮುರಿಯುತ್ತಾ. "ಎಷ್ಟು ಚೆನ್ನಾಗಿದೆ ನೋಡು."

ಕಣ್ಣು ಬಿಟ್ಟೆ. ಮರಣಬಾವಿಗೆ ಮೇಲೆ ಮುಚ್ಚಳವಿರಲಿಲ್ಲ, ಅದರೊಳಗೆ ಮೋಟಾರ್ ಸೈಕಲ್ಲು ಗಿರಗಿರನೆ ಸುತ್ತುವುದು ಬಾಣಲೆಯಲ್ಲಿ ಸಾಸಿವೆ ಓಡಿದ ಹಾಗೆ ಕಾಣುತ್ತಿತ್ತು. ರೈಲು ತನ್ನ ವೃತ್ತದಲ್ಲಿ ಹೋಗುತ್ತಿತ್ತು. ಕುದುರೆಗಳು, ಡೇರೆಗಳು, ಆಚೆಗೆ ಇಟ್ಟಿಗೆ ಗೂಡಿನ ಹೊಗೆ, ಅದರಾಚೆ ಗೆರೆ ಎಳೆದಂಥ ನಮ್ಮ ಬಡಾವಣೆಯ ರಸ್ತೆಗಳು, ಒಣಗಲು ಹಾಕಿದ್ದ ಯಾರದೋ ಹಸಿರು ಸೀರೆ. ಮಾಗಡಿಯ ದಿಕ್ಕಿನಲ್ಲಿ ಸೂರ್ಯ ಇಳಿಯುತ್ತಿದ್ದ. ಬಲಗಡೆ ಕೆಳಗೆ, ಚಾಪೆಯ ಮೇಲೆ ಕೂತ ಮಾವನ ಸುತ್ತ ಮತ್ತೆ ಒಂದಷ್ಟು ಜನ ಸೇರಿದ್ದರು.

"ಕೂತ ಕಡೇನೇ ಎಲ್ಲಾ ನೋಡಿದ್ದಾಯ್ತು" ಎಂದಳು ಅಜ್ಜಿ. "ಇದು ಮೊದ್ಲೇ ಗೊತ್ತಿದ್ರೆ ಸೊಳ್ಳೆ ನೋಡೋಕೆ ಹೋಗ್ತಿರ್ಲಿಲ್ಲ." ಸ್ವಲ್ಪ ಯೋಚಿಸಿ, "ಇಲ್ಲ, ಹೋಗ್ತಿದ್ದೆ" ಎಂದಳು.

ಪಟ್ಟೆ ಕೂಡಿಸಿ ವೀಲು ತಿರುಗಿಸುವ ಹೊತ್ತಿಗೆ ದೀಪ ಹತ್ತಿದ್ದವು. ಅಮ್ಮ ಇಳಿದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಾಡಿಯ ಹಿರಿಯರು ಗೇಟಿನಲ್ಲೇ ಎತ್ತು ಬಿಚ್ಚಿ ಕಾದಿದ್ದು ನಮ್ಮನ್ನು ಮನೆಯ ತನಕ ಬಿಟ್ಟುಹೋದರು.

ಒಂಬತ್ತನೆಯ ದಿನ ಅಮ್ಮನದು. ಗಾಡಿ ಮತ್ತೆ ಬಂತು. ಒಳಗೆ ಹೋದ ಮೇಲೆ ಅಪ್ಪ, "ಏನು ನೋಡೋಣ ಹೇಳು" ಎಂದರು. ಅಮ್ಮ ಯಾರ ಮುಖವನ್ನೂ ನೋಡದೆ, "ಆ ಕಾಫಿ ಅಂಗಡೀಲಿ ಕುರ್ಚಿ ಹಾಕವ್ರೆ" ಎಂದಳು.

"ಹೂಂ. ಅದಕ್ಕೆ?"

"ಅದ್ರಲ್ಲಿ ಕೂತ್ಕೋಬೇಕು. ಯಾರಾದ್ರೂ ಕಾಫಿ ತಂದುಕೊಡ್ಬೇಕು."

ಮಾವ ಬಾಯಿ ತೆಗೆಯಲು ಹೋದರು. ಅಜ್ಜಿ ಅವರ ಪಾದದ ಪಟ್ಟಿನ ಮೇಲೆ ಮೆಲ್ಲಗೆ ಬೆರಳಿಟ್ಟಳು. ಮಾವ ಬಾಯಿ ಮುಚ್ಚಿಕೊಂಡರು.

ಅಮ್ಮ ಮಡಿಸುವ ಕಬ್ಬಿಣದ ಕುರ್ಚಿಯ ತುದಿಯಲ್ಲಿ ಮೊದಲು ಕೂತಳು, ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದಳು. ಪಿಂಗಾಣಿಯ ಕಪ್ಪಿನಲ್ಲಿ ಕಾಫಿ ಬಂತು. ಒಂದು ಗುಟುಕು ಕುಡಿದು, "ಡಿಕಾಕ್ಷನ್ ತೆಳು" ಎಂದಳು. ಆದರೂ ಸಂತೋಷದಿಂದ ಕುಡಿದಳು. ಕುಡಿದು ಇನ್ನೊಂದು ತರಿಸಿದಳು. ನಾವು ಐದು ಜನ ಪಕ್ಕದ ಹುಲ್ಲಿನ ಮೇಲೆ ಕೂತು, ಅಮ್ಮ ಕಾಫಿ ಕುಡಿಯುವುದನ್ನು ನೋಡಿದೆವು. ಮಧ್ಯದಲ್ಲಿ ಪುಟ್ಟಿ ಎದ್ದು ಹೋಗಿ ಏನೋ ಕೇಳಿದಾಗ ಅಮ್ಮ, "ನಿಮ್ಮಪ್ಪನ್ನ ಕೇಳು, ನಾನು ಎಗ್ಸಿಬಿಷನ್ ನೋಡ್ತಾ ಇದೀನಿ" ಎಂದಳು.

ಹತ್ತನೆಯ ದಿನ ಭಾನುವಾರ. ಸರದಿ ಯಾರದೂ ಇರಲಿಲ್ಲ. ಎಲ್ಲರೂ ಸೇರಿ ಒಂದನ್ನು ಆರಿಸೋಣ ಎಂದು ಅಪ್ಪ ಹೇಳಿದ್ದರು. ಮಧ್ಯಾಹ್ನ ಮಾವಿನಹಣ್ಣಿನ ಸೀಕರಣೆಯ ಊಟ ಮಾಡಿ, ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಡೋಣವೆಂದು ನಡುಮನೆಯ ತಂಪು ನೆಲದ ಮೇಲೆ ಆರೂ ಜನ ಸಾಲಾಗಿ ಮಲಗಿದೆವು. ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಮಾಸಿತ್ತು.

ಮೊದಲು ಎದ್ದವರು ಮಾವ. ನಾವೆಲ್ಲ ಅವರ ಮುಖ ನೋಡಿದೆವು, ಈಗ ಕೂಗುತ್ತಾರೆ ಎಂದು. ಮಾವ ಪಾದವನ್ನು ಒಂದು ಸಲ ಮುಟ್ಟಿ ನೋಡಿಕೊಂಡು ಗೋಡೆಗೆ ಒರಗಿದರು.

"ಎಗ್ಸಿಬಿಷನ್ನು ಇವತ್ತಿಗೆ ಮುಗೀತಲ್ವಾ?" ಎಂದಳು ಅಜ್ಜಿ.

"ಎಗ್ಸಿಬಿಷನ್ ಇನ್ನೂ ಇರುತ್ತೆ ಅತ್ತೆ. ಪಾಸು ಮುಗೀತು" ಎಂದರು ಮಾವ.

ಆಮೇಲೆ ಮಾವ, "ಈರುಳ್ಳಿ ಬಜ್ಜಿ ಕರಿತೀಯೇನಮ್ಮ?" ಎಂದು ಅಮ್ಮನನ್ನು ಕೇಳಿದರು.

"ಈರುಳ್ಳಿ ನೀನು ಹೆಚ್ಚಿಕೊಡೋದಾದ್ರೆ" ಎಂದಳು ಅಮ್ಮ. ಮಾವ ಕುಂಟುತ್ತಾ ಅಡಿಗೆಮನೆಗೆ ಹೋಗಿ ಈಳಿಗೆಮಣೆಯ ಮುಂದೆ ಕೂತರು. ಕಣ್ಣೀರು ಸುರಿಸುತ್ತಾ, ಮೂಗು ಎಳೆಯುತ್ತಾ, ಬುಟ್ಟಿಯಲ್ಲಿದ್ದ ಈರುಳ್ಳಿಯನ್ನೆಲ್ಲ ಹೆಚ್ಚಿಬಿಟ್ಟರು. ನಾವು ಎರಡು ದಿನ ಅದನ್ನೇ ತಿಂದೆವು.